ನಲವತ್ತೇಳನೆಯ ಪ್ರಶ್ನೆ

ಪ್ರಶ್ನೆಗಳು ಒಟ್ಟು ನೂರಾ ಹನ್ನೆರಡು. ಹೂಡಿಕೆದಾರರ ವಕೀಲರು ಕಳಿಸಿದ್ದ ಆ ಪಟ್ಟಿಯನ್ನು ಸೊಸೆ ಬೆಳಗಿನ ಮೇಜಿನ ಮೇಲೆ, ಬ್ರೆಡ್ಡಿನ ತಟ್ಟೆಗೂ ಜಾಮಿನ ಶೀಸೆಗೂ ನಡುವೆ ಹರಡಿಕೊಂಡು ಕೂತಿದ್ದಳು. ಮನೆಯ ಮುಂದಿನ ಕೋಣೆಯೇ ಅವಳ ಆಫೀಸು. ಹೊಸದಾಗಿ ಕಂಪನಿ ಕಟ್ಟುವವರಿಗೆ ಕಾಗದಪತ್ರ ಮಾಡಿಕೊಡುವುದು ಅವಳ ವಕೀಲಿಕೆ: ಯಾರಿಗೆ ಎಷ್ಟು ಷೇರು, ಯಾರು ನಡುವೆ ಬಿಟ್ಟುಹೋದರೆ ಏನು, ಯಾರ ಬುದ್ಧಿ ಯಾರ ಆಸ್ತಿ. “ಮದುವೆಗೆ ಮೊದಲೇ ಡೈವೋರ್ಸ್ ಬರೆದಿಡೋ ಕೆಲಸ” ಎಂದು ಅತ್ತೆ ಅದನ್ನು ನೆಂಟರಿಗೆ ಬಣ್ಣಿಸುತ್ತಿದ್ದರು. ವಿವರಣೆ ತಪ್ಪೆಂದು ಸೊಸೆ ಒಂದು ದಿನವೂ ವಾದಿಸಿರಲಿಲ್ಲ.

ಈ ಸಲದ ಕಕ್ಷಿದಾರ ಮೈದುನನ ಕಂಪನಿ. ಎರಡು ವರ್ಷದ ಹಿಂದೆ, ಜೊತೆಗೆ ಓದಿದ್ದ ಗೆಳತಿಯೊಂದಿಗೆ ಸೇರಿ ಅವನು ಶುರುಮಾಡಿದ್ದು. ಸೈಕಲ್ಲಿನ ಹಿಂದೆ ಕಟ್ಟಿಕೊಳ್ಳುವ ಎರಡು ಗಾಲಿಯ ಗಾಡಿ. ಬೇಕರಿ, ಔಷಧಿ ಅಂಗಡಿ, ಹೂವಿನಂಗಡಿಯವರು ಸಾಮಾನು ಸಾಗಿಸಲು ಬಾಡಿಗೆಗೆ ಒಯ್ಯುತ್ತಿದ್ದರು. ಗಾಡಿಯಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಇದ್ದದ್ದೆಲ್ಲ ಸೈಕಲ್ಲಿಗೂ ಗಾಡಿಗೂ ನಡುವಿನ ಅಂಗೈಯಗಲದ ಕೊಕ್ಕೆಯಲ್ಲಿ. ಸೈಕಲ್ಲು ಅಡ್ಡಬಿದ್ದರೂ ಗಾಡಿ ನೆಟ್ಟಗೆ ನಿಲ್ಲುತ್ತಿತ್ತು. ಹಾಲಿನ ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ. ಹೂಡಿಕೆದಾರರು ಬಂದದ್ದೂ ಆ ಕೊಕ್ಕೆಗೆ ಸಿಕ್ಕಿಕೊಂಡೇ. ಇನ್ನು ಮೂರು ವಾರಕ್ಕೆ ಸಹಿ. ಸಹಿ ಆಗದಿದ್ದರೆ ವರ್ಕ್‌ಶಾಪಿಗೆ ಮೂರು ತಿಂಗಳಲ್ಲಿ ಬೀಗ.

“ನಲವತ್ತೇಳು,” ಎಂದು ಸೊಸೆ ಓದಿದಳು. “‘ಕೊಕ್ಕೆಯನ್ನು ರೂಪಿಸಿದವರು ಯಾರು? ಅವರು ತಮ್ಮ ಹಕ್ಕನ್ನು ಕಂಪನಿಗೆ ಬರೆದುಕೊಟ್ಟ ಪತ್ರ ಎಲ್ಲಿದೆ?’ ಇದು ಸುಲಭ. ನೀನು. ನಿನ್ನ ಪತ್ರ ಇದೆ. ನಲವತ್ತೆಂಟು...”

“ಯಾವ ಕೊಕ್ಕೆ?” ಅತ್ತೆ ಟೀ ಪಾತ್ರೆ ಹಿಡಿದು ಬಂದರು. “ಗಾಡೀದಾ? ಅದನ್ನ ಮಾಡಿದ್ದು ನಿಮ್ಮ ಮಾವ ಅಲ್ವೇನೇ? ಎರಡು ತಿಂಗಳು ನನ್ನ ಹಿಟ್ಟಿನ ಡಬ್ಬೀಲೆಲ್ಲ ಕಬ್ಬಿಣದ ಪುಡಿ!”

“ಅಮ್ಮಾ, ನೀನು ಸುಮ್ನೆ ಟೀ ಹಾಕು,” ಎಂದ ಮೈದುನ.

“ಸುಮ್ನೆ ಹಾಕಿ ಹಾಕಿ ನಲವತ್ತು ವರ್ಷ ಆಯ್ತಪ್ಪ.”

ಮಾವ ಮೇಜಿನ ತುದಿಯಲ್ಲಿ ಪತ್ರಿಕೆ ಓದುತ್ತಿದ್ದರು. ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ. ಆದರೆ ಪತ್ರಿಕೆಯ ಪುಟ ಬಹಳ ಹೊತ್ತು ಮಗುಚಲಿಲ್ಲ ಎನ್ನುವುದನ್ನು ಸೊಸೆ ಗಮನಿಸಿದಳು. ಅವಳ ಕೈಯ ಬ್ರೆಡ್ಡು ಅರ್ಧಕ್ಕೇ ನಿಂತಿತು.

ತಿಂಡಿ ಮುಗಿದದ್ದೇ ಮೈದುನನನ್ನು ಮುಂದಿನ ಕೋಣೆಗೆ ಕರೆದು ಬಾಗಿಲು ಹಾಕಿದಳು.

“ಪೇಟೆಂಟ್ ಅರ್ಜೀಲಿ ಕಂಡುಹಿಡಿದವರು ಅನ್ನೋ ಕಡೆ ನಿನ್ನೊಬ್ಬನ ಹೆಸರಿದೆ. ನಾನೇ ಹಾಕಿದ್ದು. ನೀನು ಹೇಳಿದ್ದಕ್ಕೆ.”

“ಗಾಡಿ ನನ್ನ ಯೋಚನೆ ತಾನೆ ಅತ್ತಿಗೆ? ಕೊಕ್ಕೆ ಅದರ ಒಂದು ತುಂಡು.”

“ಪೇಟೆಂಟ್ ಇರೋದು ಗಾಡಿಗಲ್ಲ. ಆ ತುಂಡಿಗೆ.”

ಅವನು ಕುರ್ಚಿಯನ್ನು ಹಿಂದಕ್ಕೂ ಮುಂದಕ್ಕೂ ತೂಗಿದ. “ಸರಿ. ಅಪ್ಪನ ಹತ್ರ ಒಂದು ಕಾಗದಕ್ಕೆ ಸೈನ್ ಹಾಕಿಸ್ತೀನಿ. ಎರಡು ವರ್ಷದ ಹಿಂದಿನ ತಾರೀಖು. ಮುಗೀತು.”

“ಇವತ್ತಿನ ತಾರೀಖು ಹಾಕು.”

“ಇವತ್ತಿಂದು ಹಾಕಿದ್ರೆ ಪೇಟೆಂಟಲ್ಲಿ ನನ್ನ ಹೆಸರು ಯಾಕಿದೆ ಅಂತ ಕೇಳ್ತಾರೆ!” ಎಂದವನೇ, ಹೂಡಿಕೆದಾರರಲ್ಲಿ ಹಿರಿಯನ ದನಿ ತೆಗೆದ. ಮೂಗು ಕಟ್ಟಿದಂಥ, ಬೆಣ್ಣೆ ಸವರಿದ ದನಿ. “‘ನಾವು ಹೂಡೋದು ಕಂಪನಿ ಮೇಲಲ್ಲಪ್ಪ, ಮನುಷ್ಯನ ಮೇಲೆ.’ ಆ ಮನುಷ್ಯ ನಾನು ಅತ್ತಿಗೆ! ಒಂದು ತಾರೀಖು ತಾನೆ? ಯಾರ ತಲೆ ಹೋಗುತ್ತೆ?”

“ನನ್ನದು. ವಕೀಲಿ ಸನ್ನದು ಕಿತ್ಕೊಂಡು ಮನೇಲಿ ಕೂರಿಸ್ತಾರೆ.”

“ಈಗ್ಲೂ ಮನೇಲೇ ಕೂತಿದೀರಲ್ಲ.”

ಅವಳು ನಗಲಿಲ್ಲ. ಅವನೂ ನಗಲಿಲ್ಲ.

ಮಾವ ಹಿತ್ತಲ ಜಗಲಿಯಲ್ಲಿದ್ದರು. ಅಲ್ಲಿ ಒಂದು ಮರದ ಹಲಗೆ, ಹಲಗೆಗೆ ಬಿಗಿದ, ಕಬ್ಬಿಣ ಕಚ್ಚಿಹಿಡಿಯುವ ವೈಸು, ಗೋಡೆಗೆ ಸಾಲಾಗಿ ತೂಗುಹಾಕಿದ ಅರಗಳು. ಅವರು ಅಡುಗೆಮನೆಯ ಕತ್ತರಿಯನ್ನು ಅರದಿಂದ ಹರಿತ ಮಾಡುತ್ತಿದ್ದರು.

“ಮಾವ, ಕೊಕ್ಕೆ ನಿಮ್ಮದು. ಕಾಗದದಲ್ಲಿ ಅದಿಲ್ಲ. ಸರಿಮಾಡ್ಬೇಕು. ಕಂಪನಿ ನಿಮ್ಮಿಂದ ಹಕ್ಕು ಬರೆಸ್ಕೋಬೇಕಾಗುತ್ತೆ.”

“ಬರೆಸ್ಕೋ. ಎಲ್ಲಿ ಹಾಕ್ಲಿ ಸೈನು?”

“ಹಾಗಲ್ಲ. ನಾನು ಕಂಪನಿಯ ವಕೀಲೆ. ನಿಮಗೆ ಹಾಕಿ ಅಂತಲೂ ಹೇಳೋ ಹಾಗಿಲ್ಲ, ಬೇಡ ಅಂತಲೂ ಹೇಳೋ ಹಾಗಿಲ್ಲ. ನೀವು ಬೇರೆ ವಕೀಲರನ್ನ ನೋಡಿ, ಓದಿಸಿ, ಆಮೇಲೆ...”

ಅರ ನಿಂತಿತು.

“ನೀನು ನನಗೇನಾಗ್ಬೇಕಮ್ಮ?”

“ಸೊಸೆ.”

“ಕೈ ಮುರ್ಕೊಂಡು ಆಸ್ಪತ್ರೇಲಿದ್ದಾಗ ಕಾಗದಕ್ಕೆಲ್ಲ ನೀನೇ ಸೈನ್ ಹಾಕ್ದೆ. ಆವತ್ತು ಬೇರೆ ಸೊಸೇನ ನೋಡಿ ಅನ್ಲಿಲ್ಲ.”

ಸೊಸೆಗೆ ಉತ್ತರ ಗೊತ್ತಿತ್ತು. ದಿನಕ್ಕೆ ಮೂವರು ಕಕ್ಷಿದಾರರಿಗೆ ಅದನ್ನೇ ಹೇಳುವವಳು. ಮಾವನ ಮುಂದೆ ಮಾತ್ರ ಅವಳು ಹಲಗೆಯ ಮೇಲಿನ ಕಬ್ಬಿಣದ ಪುಡಿಯನ್ನು ಬೆರಳಲ್ಲಿ ಗುಡ್ಡೆ ಮಾಡಿದಳು.

“ನೀನು ಒಳಗೆ ಆ ಊಟದ ಮೇಜಲ್ಲಿ ಕೂತು ಅವನ ಕಂಪನಿ ಕಾಗದ ಟೈಪ್ ಮಾಡ್ತಿದ್ದೆ,” ಎಂದರು ಮಾವ, ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡುತ್ತ. “ನಾನು ಇಲ್ಲಿ ಉಜ್ತಿದ್ದೆ. ನಡುವೆ ಒಂದು ಕಿಟಕಿ. ಎರಡು ತಿಂಗಳು. ಏನು ಮಾಡ್ತಿದೀರ ಅಂತ ಒಂದ್ಸಲ ಕೇಳ್ಬಹುದಿತ್ತು.”

“ಕೇಳ್ಬೇಕಿತ್ತು ಮಾವ. ನನ್ನ ತಪ್ಪು.”

ಅದು ಬಾಯುಪಚಾರದ ಮಾತಾಗಿರಲಿಲ್ಲ. ಬೇರೆ ಕಂಪನಿಗಳಲ್ಲಿ ಯಾರು ಏನನ್ನು ಮುಟ್ಟಿದರು ಎಂದು ಬೆನ್ನಟ್ಟಿ ಕೇಳುತ್ತಿದ್ದವಳು ಅವಳು. ಒಬ್ಬರ ಲಾಂಛನ ಬರೆದುಕೊಟ್ಟ ತಂಗಿಯನ್ನು ಹೆರಿಗೆ ವಾರ್ಡಿನವರೆಗೂ ಹುಡುಕಿಕೊಂಡು ಹೋಗಿ ಸಹಿ ತಂದಿದ್ದಳು. ತನ್ನದೇ ಮನೆಯಲ್ಲಿ, ವಯಸ್ಸಾದವರು ಕೂತು ಏನೋ ಉಜ್ಜುವುದು ಹೊತ್ತು ಹೋಗಲಿ ಎಂದು ಅಷ್ಟೇ ಅಂದುಕೊಂಡಿದ್ದಳು.

ಅಂದಿನಿಂದ ಮಾವ ಅವಳು ಮಾಡಿದ ಟೀ ಕುಡಿಯುವುದನ್ನು ಬಿಟ್ಟರು. ತಾವೇ ಮಾಡಿಕೊಂಡರು. ಪಾತ್ರೆ ತಾವೇ ತೊಳೆದರು. ಅದೂ ಅಡುಗೆಮನೆಗೆಲ್ಲ ಕೇಳುವ ಹಾಗೆ. ಅತ್ತೆ ಮಾತ್ರ ಬಿಸಿ ಎಣ್ಣೆಗೆ ಬಿದ್ದ ಸಾಸಿವೆ.

“ಕೇಳಿದ್ಯೇನೋ ದೊಡ್ಡೋನೇ?” ಎಂದು ಹಿರಿಮಗನಿಗೆ ಹೇಳಿದರು, ಸೊಸೆಯ ನಡಿಗೆ, ಕನ್ನಡಕ ಸರಿಮಾಡಿಕೊಳ್ಳುವ ರೀತಿ ಎರಡನ್ನೂ ಅಣಕಿಸುತ್ತ. “‘ಮಾವ, ದಯವಿಟ್ಟು ಸ್ವತಂತ್ರ ಸಲಹೆ ಪಡೆಯಿರಿ.’ ಮನೇಲಿ ಬಾವಿ ಇಟ್ಕೊಂಡು ಪಕ್ಕದ್ಮನೇಲಿ ನೀರು ಕೇಳ್ಬೇಕಂತೆ!”

ಸೊಸೆಯ ಗಂಡನಾದ ಹಿರಿಮಗನದು ಕನ್ನಡಕದ ಅಂಗಡಿ. ಅವನು ಹುರುಳಿಕಾಯಿ ಹೆಚ್ಚುತ್ತ, “ನನಗೆ ಎರಡೂ ಕಡೆ ಸರಿಯಾಗೇ ಕಾಣಿಸ್ತಿದೆ ಅಮ್ಮ, ಅದೇ ಕಷ್ಟ,” ಎಂದ.

“ಎರಡೂ ಕಡೆ ಕಾಣೋನು ಬೀದಿ ದಾಟೋದೇ ಇಲ್ಲ. ಕಾಯಿ ಸಣ್ಣಕೆ ಹೆಚ್ಚು.”

ಆ ಭಾನುವಾರದ ಊಟಕ್ಕೆ ಮೈದುನ ಶಿಳ್ಳೆ ಹಾಕಿಕೊಂಡು ಬಂದ. ಸೊಸೆಯ ತಟ್ಟೆಯ ಪಕ್ಕ ಒಂದು ಹಾಳೆ ಇಟ್ಟ. “ನಲವತ್ತೇಳಕ್ಕೆ ಉತ್ತರ.”

ಅವಳು ಎಡಗೈಯಲ್ಲಿ ಹಾಳೆ ಎತ್ತಿ ಓದಿದಳು. ಕೊನೆಯಲ್ಲಿ ಮಾವನ ಸಹಿ, ಫಿಟ್ಟರನ ಕೈಯ ನೇರ ಗೆರೆಗಳದು. ಮೇಲೆ ಎರಡು ವರ್ಷದ ಹಿಂದಿನ ತಾರೀಖು.

“ಇದನ್ನ ನಾನು ಕಳ್ಸಲ್ಲ.”

“ಅಪ್ಪ ಖುಷಿಯಾಗಿ ಹಾಕಿದಾರೆ! ಕೇಳಿ ಬೇಕಾದ್ರೆ.”

“ನನ್ನ ಮಗ ಕೇಳ್ದ, ಹಾಕ್ದೆ,” ಎಂದರು ಮಾವ, ಅನ್ನ ಕಲಸುತ್ತ. “ಅವನು ಬೇರೆ ವಕೀಲರನ್ನ ನೋಡು ಅನ್ಲಿಲ್ಲ.”

“ಏನಂತೆ ತಾರೀಖು?” ಅತ್ತೆ ಕೇಳಿದರು. ಹಿರಿಮಗ ಬಗ್ಗಿ ನೋಡಿ ಹೇಳಿದ. ಅತ್ತೆ ಸೌಟು ಹಿಡಿದು ನಿಂತರು. “ಅದು ಇವರು ಏಣಿಯಿಂದ ಬಿದ್ದ ವಾರ ಅಲ್ವೇ? ಬಲಗೈಗೆ ಉಗುರಿನ ತನಕ ಸಿಮೆಂಟಿನ ಪಟ್ಟಿ. ನಾನು ತುತ್ತು ತಿನ್ನಿಸ್ತಿದ್ದೆ. ಸೈನ್ ಹಾಕಿದ್ದು ಯಾವ ಕೈಲಿ ಮಹರಾಯ?”

ಮೈದುನನ ಮುಖ ಕೆಂಪಾಯಿತು. “ಬೇರೆ ತಾರೀಖು ಹಾಕಿದ್ರಾಯ್ತು.”

“ಯಾವ ತಾರೀಖು ಹಾಕಿದ್ರೂ ಕಳ್ಸಲ್ಲ,” ಎಂದಳು ಸೊಸೆ. “ಕೈ ಗಟ್ಟಿಮುಟ್ಟಾಗಿದ್ದ ದಿನ ಹಾಕಿದ್ರೂ ಸುಳ್ಳು ಸುಳ್ಳೇ. ನೀನು ಕಳ್ಸಿದ್ರೆ ನಾನು ಆ ನಿಮಿಷವೇ ಬಿಡ್ತೀನಿ.”

“ಒಳಗೇನು ಬರ್ದಿದೆ ಅಂತ ಯಾರೂ ಹೇಳ್ಲಿಲ್ಲವಲ್ಲ,” ಎಂದರು ಅತ್ತೆ. “ದೊಡ್ಡೋನೇ, ಜೋರಾಗಿ ಓದು.”

“ಅಮ್ಮ, ಊಟ ಆರುತ್ತೆ...”

“ಆರ್ಲಿ. ಓದು.”

ಅವನು ಕೈ ತೊಳೆದು ಬಂದು ಓದಿದ. “‘ಕೆಳಗೆ ಸಹಿ ಮಾಡಿರುವ ನಾನು, ಆವಿಷ್ಕರಿಸಿದವರ ಮೇಲ್ವಿಚಾರಣೆಯಲ್ಲಿ, ಅವರು ಕೊಟ್ಟ ಅಳತೆ ಹಾಗೂ ಸೂಚನೆಗಳಂತೆ, ಲೋಹವನ್ನು ಉಜ್ಜಿ ನಯಗೊಳಿಸುವ ಕೂಲಿ ಕೆಲಸ ಮಾತ್ರ ಮಾಡಿರುತ್ತೇನೆ. ಅದಕ್ಕೆ ತಕ್ಕ ಪ್ರತಿಫಲ ಪಡೆದಿದ್ದು, ನನಗೆ ಬೇರಾವ ಹಕ್ಕೂ ಇರುವುದಿಲ್ಲ.’”

ಮಾವ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು.

“ಯಾರು ಕೊಟ್ಟ ಅಳತೆ?”

“ಅಪ್ಪ, ಅದು ಇಂಟರ್‌ನೆಟ್ಟಲ್ಲಿ ಸಿಗೋ ನಮೂನೆ. ನಾನು ಬರ್ದಿದ್ದಲ್ಲ.”

“ಹೆಸರು ತುಂಬಿಸಿದ್ದು?”

ಮೈದುನ ನೀರು ಕುಡಿದ.

“ಮೂವತ್ತೊಂದು ವರ್ಷ ಮೇಲ್ವಿಚಾರಕರ ಕೈಕೆಳಗೆ ಇದ್ದೆ,” ಎಂದರು ಮಾವ. “ಹದಿನಾಲ್ಕು ಜನ ಬಂದ್ರು, ಹೋದ್ರು. ಹದಿನೈದನೆಯೋನು ಮನೇಲೇ ಹುಟ್ಟಿದ್ದ ಅಂತ ಗೊತ್ತಿರ್ಲಿಲ್ಲ.”

ಹಾಳೆಯನ್ನು ತೆಗೆದುಕೊಂಡು, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು ಎದ್ದರು. ಓದದೆ ಸಹಿ ಹಾಕಬೇಡಿ ಎನ್ನುವ ಒಂದು ಮಾತನ್ನು ಕೂಡ ಸೊಸೆ ಅವರಿಗೆ ಹೇಳುವ ಹಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಮಾವ ಬೂಟು ಹಾಕಿಕೊಂಡರು. ಕಾರ್ಖಾನೆ ಬಿಟ್ಟಮೇಲೆ ಬೂಟು ಹೊರಬಂದದ್ದು ಅದೇ ಮೊದಲು. “ಎಲ್ಲಿಗೆ?” ಎಂದು ಅತ್ತೆ ಕೇಳಿದ್ದಕ್ಕೆ, “ಪಕ್ಕದ್ಮನೆ ಬಾವಿಗೆ,” ಎಂದು ಹೋದರು.

ಅವರು ಹಿಡಿದದ್ದು ಓಣಿಯ ತುದಿಯಲ್ಲಿ ಝೆರಾಕ್ಸ್ ಅಂಗಡಿಯ ಮೇಲಿದ್ದ ಒಬ್ಬ ಹಿರಿಯ ವಕೀಲೆಯನ್ನು. ಬಾಡಿಗೆ ಜಗಳ, ಪಾಲುಪಟ್ಟಿ ನೋಡುವವರು. ಪೇಟೆಂಟ್ ಗೊತ್ತಿಲ್ಲ, ಆದರೆ ಓದಲು ಬರುತ್ತದೆ, ಒಂದು ವಾರ ಕೊಡಿ ಎಂದರಂತೆ. ವಾರ ಕಳೆದು ಅವರ ಪತ್ರ ಕೊರಿಯರಿನಲ್ಲಿ ಬಂತು. ಗಿಡಕ್ಕೆ ನೀರು ಹಾಕುತ್ತಿದ್ದ ಮಾವನೇ ರಶೀದಿಗೆ ಸಹಿ ಮಾಡಿ ಲಕೋಟೆ ಇಸಿದುಕೊಂಡು, ಮುಂದಿನ ಕೋಣೆಯ ಬಾಗಿಲು ತಟ್ಟಿದರು.

“ನಿಮಗೆ ಬಂದಿದೆ.”

ಏಳು ವರ್ಷದಲ್ಲಿ ಸೊಸೆಗೆ ಅವರು ಬಹುವಚನ ಬಳಸಿದ್ದು ಅದೇ ಮೊದಲ ಸಲ. ಬೈದಿದ್ದರೆ ವಾಸಿಯಿತ್ತು.

ಪತ್ರದಲ್ಲಿ ಮೂರು ಬೇಡಿಕೆ. ಪೇಟೆಂಟಿನಲ್ಲಿ ಮಗನ ಹೆಸರು ತೆಗೆದು ತಂದೆಯ ಹೆಸರು. ಕಂಪನಿಯಲ್ಲಿ ನೂರಕ್ಕೆ ನಾಲ್ಕು ಷೇರು. ಮೂರನೆಯದು: ಕೊಕ್ಕೆ ಹೇಗಾಯಿತು, ಅದರಲ್ಲಿ ತಾನು ಮಾಡಿದ್ದೇನು, ಮಾಡದ್ದೇನು ಎಂದು ಮಗ ತನ್ನ ಕೈಯಾರೆ ಬರೆದು ಕೊಡಬೇಕು. ಟೈಪ್ ಮಾಡುವಂತಿಲ್ಲ. ಅಲ್ಲಿಯವರೆಗೆ ಹಕ್ಕು ವರ್ಗಾವಣೆಗೆ ಸಹಿ ಇಲ್ಲ.

ಅದೇ ದಿನ ಸೊಸೆ ಕಂಪನಿಯ ಇಬ್ಬರು ಪಾಲುದಾರರಿಗೂ ಒಂದು ಪತ್ರ ಬರೆದಳು. ಪೇಟೆಂಟ್ ಹಾಕುವಾಗ ಮನೆಯಲ್ಲೇ ಇದ್ದವರನ್ನು ತಾನು ವಿಚಾರಿಸಲಿಲ್ಲ, ತಪ್ಪು ತನ್ನದೂ ಹೌದು, ಬೇಕಿದ್ದರೆ ಬೇರೆ ವಕೀಲರಿಗೆ ಕಡತ ಒಪ್ಪಿಸುತ್ತೇನೆ ಎಂದು. ಪಾಲುದಾರ ಗೆಳತಿ ಅರ್ಧ ಗಂಟೆಯಲ್ಲಿ ಹೆಲ್ಮೆಟ್ಟಿನ ಸಮೇತ ಬಂದು ನಿಂತಳು. ಮಾತು ಶುರುವಾದರೆ ಸರಕ್ಕೆ ಬೆಂಕಿ ಹಚ್ಚಿದ ಹಾಗೆ. ಮನೆಯಲ್ಲಿ ಅವಳ ಹೆಸರೇ ಪಟಾಕಿ.

“ಅಕ್ಕ, ಬೇರೆ ವಕೀಲರು ಬೇಡ. ತಪ್ಪು ಮಾಡಿದೀನಿ ಅಂತ ಬರ್ದುಕೊಡೋ ವಕೀಲರು ಇನ್ನೆಲ್ಲಿ ಸಿಗ್ತಾರೆ? ಹೂಡಿಕೆದಾರರಿಗೆ ಹೇಳ್ಬಿಡಿ. ಈಗ ಹೇಳಿದ್ರೆ ತಪ್ಪು. ಆಮೇಲೆ ಗೊತ್ತಾದ್ರೆ ಮೋಸ.”

“ಹೇಳ್ಬಿಡಿ ಅನ್ನೋದು ಸುಲಭ!” ಮೈದುನ ಗೋಡೆಯ ಕಡೆ ಕೈ ಮಾಡಿದ. ಅಲ್ಲಿ ಪತ್ರಿಕೆಯಿಂದ ಕತ್ತರಿಸಿ ಚೌಕಟ್ಟು ಹಾಕಿಸಿದ್ದ ಅವನ ಫೋಟೋ, ಕೈಯಲ್ಲಿ ಕೊಕ್ಕೆ. “ಅದನ್ನೇನು ಮಾಡ್ಲಿ?”

“ಫೋಟೋಲಿ ಇರೋದು ನೀನೇ ತಾನೆ? ಕೊಕ್ಕೆ ಕೆಳಗಿಟ್ಟು ಇನ್ನೊಂದು ತೆಗೆಸ್ಕೋ.”

“ಅತ್ತಿಗೆ, ನೀವು ಯಾರ ಕಡೆ? ಒಂದ್ಸಲ ಬಾಯ್ಬಿಟ್ಟು ಹೇಳಿ.”

“ಕಂಪನಿ ಕಡೆ.”

“ಕಂಪನಿ ಅಂದ್ರೆ ನಾನು!”

“ಅಲ್ಲ ಕಣೋ,” ಎಂದಳು ಸೊಸೆ. “ಅದನ್ನೇ ಮೊದಲನೇ ದಿನ ನಿಂಗೆ ಓದಿ ಹೇಳಿದ್ದೆ. ನೀನು ಆಗ ಫೋನ್ ನೋಡ್ತಿದ್ದೆ.”

ಅವನು ಬಾಗಿಲು ಬಡಿದು ಹೋದ. ಆ ಸಂಜೆ ಇಬ್ಬರಲ್ಲಿ ಒಬ್ಬರ ಒಪ್ಪಿಗೆ ಮಾತ್ರ ಕೈಯಲ್ಲಿತ್ತು. ಮರುದಿನ ಮಧ್ಯಾಹ್ನ ಇನ್ನೊಂದು ಒಪ್ಪಿಗೆ ಒಂದೇ ಪದದ ಸಂದೇಶವಾಗಿ ಬಂತು: ಕಳ್ಸಿ. ಸೊಸೆ ನಲವತ್ತೇಳನೆಯ ಪ್ರಶ್ನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದಳು.

ಎರಡು ದಿನ ಫೋನು ತುಟಿಪಿಟಕ್ಕೆನ್ನಲಿಲ್ಲ. ಮೂರನೆಯ ದಿನ ಉತ್ತರ: ಸಹಿ ಒಂದು ತಿಂಗಳು ಮುಂದಕ್ಕೆ. ತಿದ್ದುಪಡಿ ಆಗಲಿ, ತಂದೆಯ ಹಕ್ಕು ಕಂಪನಿಗೆ ಬರಲಿ, ಆಮೇಲೆ ನೋಡೋಣ. ಆಮೇಲೆ ‘ಮಾಡೋಣ’ ಎಂದಿರಲಿಲ್ಲ.

ಮೈದುನ ಮನೆಯಲ್ಲಿ ಊಟ ಬಿಟ್ಟ. ಅತ್ತೆ ಡಬ್ಬಿ ಕಟ್ಟಿ ಹಿರಿಮಗನ ಕೈಯಲ್ಲಿ ವರ್ಕ್‌ಶಾಪಿಗೆ ಕಳಿಸುತ್ತಿದ್ದರು. ಡಬ್ಬಿ ಖಾಲಿಯಾಗಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮೇಜಿನಲ್ಲಿ ಈಗ ನಾಲ್ಕು ತಟ್ಟೆ. ಷೇರು ನಾಲ್ಕೋ ಮೂರೋ ಎಂಬ ಚೌಕಾಸಿ ಪತ್ರಗಳಲ್ಲಿ ಓಣಿಯುದ್ದ ಓಡಾಡುತ್ತಿತ್ತು; ಬರೆಯುತ್ತಿದ್ದವಳೂ ಬರೆಸುತ್ತಿದ್ದವರೂ ಒಂದೇ ಪಲ್ಯಕ್ಕೆ ಕೈ ಚಾಚುತ್ತಿದ್ದರು.

“ಉಪ್ಪು ಕೊಡು ಅಂತ ಇವಳಿಗೆ ಹೇಳೇ,” ಎಂದರು ಮಾವ ಒಂದು ದಿನ.

“ನಿಮ್ಮ ವಕೀಲರ ಕೈಲಿ ಬರ್ಸಿ ಕಳ್ಸಿ,” ಎಂದರು ಅತ್ತೆ. “ಹದಿನೈದು ದಿನದಲ್ಲಿ ಉಪ್ಪು ತಲಪತ್ತೆ.”

ಹಿರಿಮಗ ನಕ್ಕುಬಿಟ್ಟ. ಮಾವ ನಗಲಿಲ್ಲ. ಆದರೆ ಸೊಸೆ ಸರಿಸಿದ ಉಪ್ಪಿನ ಬಟ್ಟಲನ್ನು ಹಿಂದಕ್ಕೆ ತಳ್ಳಲೂ ಇಲ್ಲ. ಷೇರು ಮೂರಕ್ಕೆ ಇತ್ಯರ್ಥವಾಯಿತು. ಪಟಾಕಿ ತನ್ನ ಪಾಲಿನಲ್ಲೇ ಒಂದನ್ನು ಬಿಟ್ಟುಕೊಟ್ಟಳು. ಕೈಯಾರೆ ಬರೆಯುವ ಷರತ್ತೊಂದು ಉಳಿಯಿತು. ಅದಕ್ಕೆ ಮಾವ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಗಡುವಿಗೆ ನಾಲ್ಕು ದಿನವಿದ್ದಾಗ, ಬೆಳಿಗ್ಗೆ ಹನ್ನೊಂದಕ್ಕೆ, ಝೆರಾಕ್ಸ್ ಅಂಗಡಿಯ ಮೇಲಿನ ಆಫೀಸಿಗೆ ಮಾವನೂ ಸೊಸೆಯೂ ಬೇರೆಬೇರೆಯಾಗಿ ಹೋದರು. ಮೈದುನ ಬರುವನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಹತ್ತು ನಿಮಿಷ ತಡವಾಗಿ, ಕೈಯ ಗ್ರೀಸು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದ. ಅತ್ತಿಗೆಯನ್ನು ದಾಟಿ ನೇರ ಒಳಗೆ ಹೋದ.

“ನೀವು ಹೊರಗಿರಿ,” ಎಂದರು ಹಿರಿಯ ವಕೀಲೆ, ಸೊಸೆಗೆ. “ಅವರವರ ಮಾತು ಅವರವರೇ ಬರೀಲಿ. ನೀವು ಅಲ್ಪವಿರಾಮ ಹಾಕಿಕೊಟ್ರೂ ನಾಳೆ ಕೇಳೋರು ಕೇಳ್ತಾರೆ.”

“ಗೊತ್ತು ಮೇಡಂ.”

ಓಣಿಗೆ ತೆರೆದ ವರಾಂಡದಲ್ಲಿ ಒಂದು ಬೆಂಚು. ಸೊಸೆ ಕೂತಳು. ಬಾಗಿಲು ಅರ್ಧ ತೆರೆದಿತ್ತು. ಬಹಳ ಹೊತ್ತು ಹಾಳೆ ಮಗುಚುವ ಸದ್ದು ಕೂಡ ಬರಲಿಲ್ಲ. ಬರೆಯದೆ ಎದ್ದು ಬಂದರೆ ಎಲ್ಲ ಮುಗಿಯಿತು: ಹೂಡಿಕೆ, ವರ್ಕ್‌ಶಾಪು, ಅಲ್ಲಿ ಬೆಸುಗೆ ಹಾಕುವ ಹನ್ನೊಂದು ಜನರ ಸಂಬಳ. ಆಮೇಲೆ ಆ ಮನೆಯಲ್ಲಿ ಅವಳ ಕೈಯ ಟೀ ಯಾರು ಕುಡಿದರೇನು, ಬಿಟ್ಟರೇನು.

“ಅಪ್ಪ,” ಎಂದಿತು ಮೈದುನನ ದನಿ ಕೊನೆಗೆ. “ಕೊಕ್ಕೆ ಬಳೇಲಿ ಮೂರು ಕಚ್ಚು ಯಾಕಿದೆ?”

“ಅಷ್ಟೂ ಗೊತ್ತಿಲ್ದೆ ನೂರಾ ಎಂಬತ್ತು ಮಾಡ್ಸಿದ್ಯಾ?”

“ನೀನು ಮೂರು ಮಾಡಿದ್ದೆ, ನಾನು ಮೂರು ಮಾಡ್ಸಿದೆ.”

“ಎರಡು ಮಾಡಿದ್ದೆ ಮೊದ್ಲು. ಸೈಕಲ್ ಬಿದ್ರೆ ಗಾಡೀನೂ ಎಳ್ಕೊಂಡು ಬೀಳ್ತಿತ್ತು. ನಾಲ್ಕು ಮಾಡ್ದೆ. ನಿಲ್ತು, ಆದ್ರೆ ಬಿಗಿ. ನಿಮ್ಮಮ್ಮನ ಕೈಗೆ ಕೊಟ್ಟೆ. ಬಿಚ್ಚೋಕಾಗ್ದೆ ಎತ್ತಿ ಒಗೆದ್ಲು. ಮೂರಕ್ಕೆ ಬಂದ್ಮೇಲೆ ಒಂದೇ ಕೈಲಿ ಬಿಚ್ಚಿದ್ಲು.”

“ಹಾಗಾದ್ರೆ ಅವರ ಹೆಸರೂ ಹಾಕ್ಬೇಕಾ?” ಹಿರಿಯ ವಕೀಲೆ ಕೇಳಿದರು.

“ಅವಳ ಹೆಸರು ಹಾಕಿದ್ರೆ ಷರತ್ತು ಮೂರಲ್ಲ, ಮುನ್ನೂರಾಗ್ತವೆ ಬಿಡಿ.”

“ಸ್ವಲ್ಪ ನಿಧಾನ ಹೇಳಪ್ಪ,” ಎಂದ ಮೈದುನ. “ಬರ್ಕೋತಿದೀನಿ.”

ಆಮೇಲೆ ಮಾವನ ದನಿಯೊಂದೇ. ಅಳತೆ, ಸ್ಪ್ರಿಂಗು, ಹದ ಹಾಕಿದ್ದು, ಮುರಿದದ್ದು. ನಡುನಡುವೆ “ಅಲ್ಲ, ಹೊಡೆದು ಹಾಕು, ಅದು ತಪ್ಪು” ಎಂಬ ಗದರಿಕೆ. ಮುಕ್ಕಾಲು ಗಂಟೆ. ಒಮ್ಮೆ ದನಿ ಏರಿತು, ಕುರ್ಚಿ ಸರಿದ ಸದ್ದಾಯಿತು. ಸೊಸೆ ಎದ್ದು ನಿಂತಳು. “ಅಳತೆ ನಾನೂ ಒಂದು ಕೊಟ್ಟಿದ್ದೆ! ಗಾಲಿ ನಡುವಿನ ಅಂತರ!” ಎಂದು ಮೈದುನ ಕೂಗುತ್ತಿದ್ದ. ಮಾವನ ದನಿ ತಗ್ಗಿತು: “ಕೊಟ್ಟಿದ್ದೆ. ಹೌದು. ಅದನ್ನೂ ಬರಿ.” ಅವಳು ಮತ್ತೆ ಕೂತಳು.

ಮಾವ ಬಾಗಿಲಿಗೆ ಬಂದರು. ಆರೇಳು ವಾರದಲ್ಲಿ ಮೊದಲ ಸಲ ಅವಳ ಮುಖ ನೋಡಿ ಮಾತಾಡಿದರು.

“ಸಾಕ್ಷಿ ಸಹಿಗೆ ಒಬ್ಬರು ಬೇಕಂತೆ. ನೀನು ಹಾಕ್ತೀಯಾ?”

ಏಕವಚನ ಕೇಳಿ ಅವಳಿಗೆ ಹೂಂ ಎಂದುಬಿಡುವ ಹಾಗಾಯಿತು. ಪೆನ್ನು ಕೈಯಲ್ಲೇ ಇತ್ತು.

“ಆಗಲ್ಲ ಮಾವ. ನಾನು ಹಾಕೋ ಹಾಗಿಲ್ಲ.”

“ಗೊತ್ತು. ಅವರೂ ಹೇಳಿದ್ರು,” ಎಂದರು ಮಾವ. “ನೀನೇನಂತೀಯ ನೋಡೋಣ ಅಂತ ಕೇಳ್ದೆ.”

ಕಟಕಟೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು. ಅಷ್ಟರಲ್ಲಿ ಮೈದುನನೂ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತ, ಬೆರಳಿನ ತುಂಬ ಶಾಯಿ. ಅವಳ ಕಡೆ ನೋಡಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಓಣಿ ನೋಡತೊಡಗಿದ. ಅವಳೂ ಓಣಿಯನ್ನೇ ನೋಡಿದಳು.

ಮಾವ ಝೆರಾಕ್ಸ್ ಅಂಗಡಿಯವನನ್ನು ಕೈಹಿಡಿದು ಎಳೆದುಕೊಂಡು ಮೆಟ್ಟಿಲು ಹತ್ತಿಸಿದರು. ಅವನು ಗಾಬರಿಯಲ್ಲಿ ಬೆಂಚಿನ ಮೇಲೆ ಕೂತವಳ ಕಡೆ ಬೆರಳು ಮಾಡಿದ.

“ಇವರ ಕೈಲೇ ಹಾಕ್ಸಬಹುದಿತ್ತಲ್ಲ ಯಜಮಾನ್ರೇ? ಓದಿದೋರ ಹಾಗಿದಾರೆ.”

“ಇವಳು ಹಾಕಲ್ಲ,” ಎಂದರು ಮಾವ, ಓಣಿಯ ಆ ತುದಿಗೂ ಕೇಳುವಷ್ಟು ಗಟ್ಟಿಯಾಗಿ. “ಇವಳು ನಮ್ಮ ಸೊಸೆ. ಎದುರು ಕಕ್ಷಿಯ ವಕೀಲೆ.”